ಹುಡುಕಿದ್ದು ಸಿಗುವ ಜಾಲತಾಣಕ್ಕೆ ಎಂಥ ಹೋಸ್ಟಿಂಗ್ ಬೇಕು

ಕೇಳುಗ ಮಿತ್ರರಿಗೆ ನಮಸ್ಕಾರ.

ಮಲೆನಾಡಿನ ಒಂದು ಊರಿನಿಂದ ಬರುತ್ತಿದ್ದ ಹಳೆಯ ಮಾಸಪತ್ರಿಕೆಯ ಸಂಚಿಕೆಗಳನ್ನು ಜಾಲತಾಣಕ್ಕೆ ಏರಿಸುವ ಕೆಲಸದಲ್ಲಿ ನಾನು ಕೆಲವು ವರ್ಷ ತೊಡಗಿಕೊಂಡಿದ್ದೆ. ಸುಮಾರು 4,000 ಬರಹಗಳನ್ನು ಟೈಪ್ ಮಾಡಿಸಿ, ಕರಡು ತಿದ್ದಿ, ತಾಣಕ್ಕೆ ಸೇರಿಸಿ ಮುಗಿಸಿದ ವಾರವೇ ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿ, "ಹುಡುಕುವ ಜಾಗದಲ್ಲಿ ಮರ ಅಂತ ಬರೆದೆ, ಒಂದೂ ಸಿಗಲಿಲ್ಲವಲ್ಲಪ್ಪ" ಎಂದರು. ಮಲೆನಾಡಿನ ಪತ್ರಿಕೆಯಲ್ಲಿ ಮರದ ಮಾತಿಲ್ಲದ ಸಂಚಿಕೆಯೇ ಇರಲಿಲ್ಲ. ನಾನೂ ಹುಡುಕಿ ನೋಡಿದೆ. ಕೆರೆ ಎಂದರೆ ಸಿಕ್ಕಿತು, ಮಳೆ ಎಂದರೆ ಸಿಕ್ಕಿತು, ಮರ, ಜಲ, ಹಣ ಎಂಬ ಮೂರಕ್ಕೂ ತಾಣ ಬರಿಗೈ ತೋರಿಸಿತು.

ಕಾರಣ ತಿಳಿಯಲು ಎರಡು ದಿನ ಹಿಡಿಯಿತು. ತಾಣ ಕಟ್ಟಿಕೊಟ್ಟವರು ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನೊಳಗೇ ಇರುವ ಪೂರ್ಣಪಠ್ಯ ಹುಡುಕಾಟವನ್ನು ಬಳಸಿದ್ದರು. ಅದರ ಇನ್ನೋಡಿಬಿ ಎಂಬ ಮಾದರಿಯಲ್ಲಿ, ಯಾರೂ ಬದಲಿಸದಿದ್ದರೆ, 3 ಅಕ್ಷರಕ್ಕಿಂತ ಚಿಕ್ಕದಾದ ಪದ ಸೂಚಿಗೆ, ಎಂದರೆ ಹುಡುಕಲು ಮೊದಲೇ ಕಟ್ಟಿಟ್ಟಿರುವ ಪದಪಟ್ಟಿಗೆ, ಸೇರುವುದೇ ಇಲ್ಲ. ಮೈಐಸ್ಯಾಮ್ ಎಂಬ ಹಳೆಯ ಮಾದರಿಯಲ್ಲಿ ಈ ಮಿತಿ 4. ಇಲ್ಲಿ ಅಕ್ಷರವೆಂದರೆ ನಾವು ಬಾಯಲ್ಲಿ ಎಣಿಸುವ ಅಕ್ಷರವಲ್ಲ. ಯೂನಿಕೋಡಿನಲ್ಲಿ ವ್ಯಂಜನಕ್ಕೊಂದು, ಸ್ವರಚಿಹ್ನೆಗೊಂದು, ವ್ಯಂಜನವನ್ನು ಅರ್ಧಾಕ್ಷರವಾಗಿಸುವ ವಿರಾಮಕ್ಕೊಂದು ಪ್ರತ್ಯೇಕ ಸಂಕೇತವಿದೆ. ಕನ್ನಡ ಎಂಬ ಪದ ನಮ್ಮ ಕಿವಿಗೆ 3 ಅಕ್ಷರ, ಯಂತ್ರಕ್ಕೆ 5 ಸಂಕೇತ. ಮಳೆ ಎಂಬುದರಲ್ಲಿ ಎತ್ವ ಸೇರಿ 3 ಸಂಕೇತಗಳಾದ್ದರಿಂದ ಅದು ಪಾರಾಯಿತು. ಮರ ಎಂಬುದರಲ್ಲಿ ಇರುವುದು 2 ಮಾತ್ರ, ಆದ್ದರಿಂದ ಅದು ಹೊರಗೇ ಉಳಿಯಿತು.

ಈ ಮಿತಿಯನ್ನು ಬದಲಿಸುವುದು ಒಂದು ಸಾಲಿನ ಕೆಲಸ. ಆದರೆ ಆ ಸಾಲು ಇರುವುದು ಡೇಟಾಬೇಸ್ ಸರ್ವರಿನ ಸಂರಚನೆಯಲ್ಲಿ. ಅದನ್ನು ಬದಲಿಸಿದ ಮೇಲೆ ಸರ್ವರನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಬೇಕು, ಸೂಚಿಯನ್ನು ಹೊಸದಾಗಿ ಕಟ್ಟಬೇಕು. ತಾಣವನ್ನು ಇಡಲು ಯಂತ್ರದಲ್ಲಿ ಬಾಡಿಗೆಗೆ ಜಾಗ ಹಿಡಿಯುವುದಕ್ಕೆ ಹೋಸ್ಟಿಂಗ್ ಎನ್ನುತ್ತಾರೆ. ನಾವಿದ್ದದ್ದು ಶೇರ್ಡ್ ಹೋಸ್ಟಿಂಗ್‌ನಲ್ಲಿ, ಎಂದರೆ ಒಂದೇ ಯಂತ್ರವನ್ನು ಅನೇಕ ಗ್ರಾಹಕರು ಹಂಚಿಕೊಳ್ಳುವ ವ್ಯವಸ್ಥೆಯಲ್ಲಿ. ನಮ್ಮೊಬ್ಬರಿಗಾಗಿ ಎಲ್ಲರ ಡೇಟಾಬೇಸನ್ನು ನಿಲ್ಲಿಸಲಾಗದೆಂದು ಹೋಸ್ಟಿಂಗ್ ಕಂಪನಿಯವರು ಉತ್ತರಿಸಿದರು. ಅವರ ಮಾತು ನ್ಯಾಯವಾದದ್ದೇ. ತಪ್ಪು ನಮ್ಮದು: ಹುಡುಕಾಟ ಹೇಗಿರಬೇಕೆಂದು ಯೋಚಿಸದೆ, ಎಷ್ಟು ಜಿಬಿ ಜಾಗ ಕೊಡುತ್ತಾರೆ, ವರ್ಷಕ್ಕೆ ಎಷ್ಟು ರೂಪಾಯಿ ಎಂಬ ಎರಡನ್ನೇ ನೋಡಿ ನಾವು ಮನೆ ಹಿಡಿದಿದ್ದೆವು.

ಈ ಮಾತಿಗೆ ಕೆಲವರು, ಗೂಗಲ್ ಇರುವಾಗ ತಾಣಕ್ಕೆ ತನ್ನದೇ ಹುಡುಕಾಟ ಯಾಕೆ ಎಂದು ಕೇಳುತ್ತಾರೆ. ಜಾಹೀರಾತಿಲ್ಲದೆ ತಾಣದೊಳಗೆ ಹುಡುಕಿಕೊಡುವ ಸೈಟ್ ಸರ್ಚ್ ಎಂಬ ಸೇವೆಯನ್ನು ಗೂಗಲ್ ಹಣ ಪಡೆದು ಒದಗಿಸುತ್ತಿತ್ತು. 2017ರಲ್ಲಿ ಅದರ ಮಾರಾಟ ನಿಂತಿತು, 2018ರಲ್ಲಿ ಸೇವೆಯೇ ಮುಗಿಯಿತು. ಈಗ ಉಚಿತವಾಗಿ ಸಿಗುವ ಪೆಟ್ಟಿಗೆಯಲ್ಲಿ ಜಾಹೀರಾತು ಬರುತ್ತದೆ. ನಮ್ಮ ಯಾವ ಪುಟ ಅವರ ಸೂಚಿಯಲ್ಲಿದೆ, ಯಾವುದು ಇಲ್ಲ ಎಂಬುದು ನಮ್ಮ ಕೈಯಲ್ಲಿರುವುದಿಲ್ಲ. ಹಳೆಯ ಪತ್ರಿಕೆ, ಗ್ರಂಥಾಲಯ, ವಚನಗಳಂಥ ಸಂಗ್ರಹ ಇವುಗಳಲ್ಲಿ ಓದುಗ ಬರುವುದೇ ಒಂದು ಪದವನ್ನೋ ಒಂದು ಹೆಸರನ್ನೋ ಹಿಡಿದುಕೊಂಡು. ವಚನ ಸಂಚಯ ತಾಣದಲ್ಲಿ ಒಂದು ಪದ ಯಾವ ಯಾವ ವಚನದಲ್ಲಿ ಬಂದಿದೆ ಎಂದು ನೋಡಿದವರಿಗೆ, ಹುಡುಕಾಟವೇ ಇಂಥ ತಾಣದ ಹೆಬ್ಬಾಗಿಲು ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಹೋಸ್ಟಿಂಗ್ ಆಯ್ಕೆಯನ್ನು ಎಲ್ಲಿಂದ ಆರಂಭಿಸಬೇಕು? ನಮ್ಮ ಪಠ್ಯವನ್ನು ತೂಗುವುದರಿಂದ. ಸಂಕೇತಗಳನ್ನು ಯಂತ್ರದಲ್ಲಿ ಉಳಿಸಿಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಕನ್ನಡ ಎಂಬ ಒಂದು ಪದಕ್ಕೇ 15 ಬೈಟ್ ಆಯಿತು. ಒಂದು ಪದಕ್ಕೆ ಸರಾಸರಿ 8 ಸಂಕೇತ ಎಂದಿಟ್ಟುಕೊಂಡರೆ, 1,000 ಪದಗಳ ಬರಹವೊಂದು ಸುಮಾರು 25 ಕೆಬಿ ಆಗುತ್ತದೆ. ಅಂಥ 4,000 ಬರಹಗಳು 100 ಎಂಬಿ. ಡಿಸ್ಕ್ ಜಾಗದ ದೃಷ್ಟಿಯಿಂದ ಇದು ಏನೇನೂ ಅಲ್ಲ. ಆದರೆ ಹುಡುಕಾಟದ ಎಂಜಿನ್‌ಗಳಲ್ಲಿ ಕೆಲವು ಸೂಚಿಯನ್ನು ಪೂರ್ತಿಯಾಗಿ ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತವೆ. ಟೈಪ್‌ಸೆನ್ಸ್ ಅಂಥದ್ದು, ಹುಡುಕಬೇಕಾದ ಪಠ್ಯದ ಎರಡರಿಂದ ಮೂರು ಪಟ್ಟು ಮೆಮೊರಿಯನ್ನು ಅದಕ್ಕೆ ಲೆಕ್ಕ ಹಾಕಬೇಕು. ನಮ್ಮ ಸಂಗ್ರಹಕ್ಕೆ 300 ಎಂಬಿ ಎಂದಾದರೆ, ಡೇಟಾಬೇಸ್ ಮತ್ತು ವೆಬ್ ಸರ್ವರ್ ಸೇರಿ 1 ಜಿಬಿ ಮೆಮೊರಿಯ ಯಂತ್ರದಲ್ಲಿ ಹೊಂದಿಸಿಕೊಳ್ಳಬಹುದು, 2 ಜಿಬಿ ಇದ್ದರೆ ನಿಶ್ಚಿಂತೆ.

ಎಲಾಸ್ಟಿಕ್‌ಸರ್ಚ್‌ನ ಹೆಸರನ್ನು ನೀವು ಕೇಳಿರಬಹುದು. 1999ರಲ್ಲಿ ಡಗ್ ಕಟಿಂಗ್ ಬರೆದ ಲೂಸೀನ್ ಎಂಬ ತಂತ್ರಾಂಶವೇ ಅದರ ಬುನಾದಿ. ಸೋಲಾರ್ ಎಂಬ ಇನ್ನೊಂದು ಎಂಜಿನ್ನಿಗೂ ಅದೇ ಬುನಾದಿ. ಎರಡೂ ಜಾವಾ ಮೇಲೆ ಓಡುತ್ತವೆ, ಎರಡೂ ಸಮರ್ಥವಾದವು, ಆದರೆ ಎರಡಕ್ಕೂ ಮೆಮೊರಿ ಧಾರಾಳವಾಗಿ ಬೇಕು. ಬೇರೆ ಯಂತ್ರಗಳಿಂದ ತಲುಪುವಂತೆ ಎಲಾಸ್ಟಿಕ್‌ಸರ್ಚ್ ಅನ್ನು ಓಡಿಸುವಾಗ ಲಿನಕ್ಸ್ ಕಾರ್ಯವ್ಯವಸ್ಥೆಯ ತಿರುಳಾದ ಕರ್ನಲ್ಲಿನ ಒಂದು ಮಿತಿಯನ್ನು ಕನಿಷ್ಠ 2,62,144ಕ್ಕೆ ಏರಿಸಿರಬೇಕು, ಇಲ್ಲದಿದ್ದರೆ ಅದು ಚಾಲೂ ಆಗಲು ಒಪ್ಪುವುದಿಲ್ಲ. ಇಲ್ಲೊಂದು ಸೂಕ್ಷ್ಮವಿದೆ. ದೊಡ್ಡ ಯಂತ್ರವೊಂದನ್ನು ಪಾಲು ಮಾಡಿ, ಒಂದೊಂದು ಪಾಲನ್ನೂ ಪ್ರತ್ಯೇಕ ಸರ್ವರಿನಂತೆ ಕೊಡುವುದು ವಿಪಿಎಸ್. ವಿಪಿಎಸ್ ಎಂದು ಮಾರುವ ಯಂತ್ರಗಳೆಲ್ಲ ಒಂದೇ ಬಗೆಯವಲ್ಲ. ಕೆವಿಎಂ ಬಗೆಯದರಲ್ಲಿ ಪ್ರತಿ ಗ್ರಾಹಕನಿಗೂ ತನ್ನದೇ ಕರ್ನಲ್ ಇರುತ್ತದೆ, ಅದನ್ನು ಅವನು ಬೇಕಾದಂತೆ ಹೊಂದಿಸಿಕೊಳ್ಳಬಹುದು. ಓಪನ್‌ವಿಜೆಡ್ ಬಗೆಯದರಲ್ಲಿ ಕರ್ನಲ್ ಎಲ್ಲರಿಗೂ ಒಂದೇ, ಅದರ ಬೀಗದ ಕೈ ಕಂಪನಿಯ ಬಳಿ ಇರುತ್ತದೆ. ಬೆಲೆ ಕಡಿಮೆಯೆಂದು ಎರಡನೆಯದನ್ನು ಕೊಂಡವರು ಎಲಾಸ್ಟಿಕ್‌ಸರ್ಚ್ ಹಾಕಲು ಹೋಗಿ ಈ ಸಂಖ್ಯೆಯ ಮುಂದೆ ನಿಂತುಬಿಡುತ್ತಾರೆ. ಹಣ ಕಟ್ಟುವ ಮುಂಚೆ "ಇದು ಕೆವಿಎಂ ಹೌದೇ, ನನಗೆ ರೂಟ್, ಎಂದರೆ ಯಂತ್ರದ ಪೂರ್ಣ ಅಧಿಕಾರ ಇರುತ್ತದೆಯೇ" ಎಂದು ಒಂದು ಇಮೇಲ್ ಬರೆದು ಕೇಳಿದರೆ ಈ ತೊಂದರೆ ತಪ್ಪುತ್ತದೆ.

ಸಾಧಾರಣ ಗಾತ್ರದ ಕನ್ನಡ ತಾಣಕ್ಕೆ ಎಲಾಸ್ಟಿಕ್‌ಸರ್ಚ್ ಬೇಕೇಬೇಕು ಎಂದು ನನಗೆ ಅನಿಸುವುದಿಲ್ಲ. ಸ್ಫಿಂಕ್ಸ್ ಎಂಬ ಹಳೆಯ ಎಂಜಿನ್ನಿನಿಂದ ಕವಲೊಡೆದ ಮ್ಯಾಂಟಿಕೋರ್ ಕಡಿಮೆ ಮೆಮೊರಿಯಲ್ಲಿ ಕೆಲಸ ಮಾಡುತ್ತದೆ. ಮೈಲಿಸರ್ಚ್ ಸೂಚಿಯನ್ನು ಡಿಸ್ಕ್‌ನಲ್ಲಿಟ್ಟು ಬೇಕಾದಷ್ಟನ್ನು ಮೆಮೊರಿಗೆ ತರಿಸಿಕೊಳ್ಳುತ್ತದೆ. ಇವೆಲ್ಲವೂ ಹಗಲಿರುಳು ಎಚ್ಚರವಾಗಿ ಓಡುತ್ತಿರಬೇಕಾದ ಪ್ರೋಗ್ರಾಂಗಳು. ಶೇರ್ಡ್ ಹೋಸ್ಟಿಂಗ್‌ನಲ್ಲಿ ಅಂಥದ್ದಕ್ಕೆ ಸಾಮಾನ್ಯವಾಗಿ ಅವಕಾಶವಿಲ್ಲ, ಕದ್ದು ಓಡಿಸಿದರೂ ಸ್ವಲ್ಪ ಹೊತ್ತಿನಲ್ಲೇ ಕಾವಲು ವ್ಯವಸ್ಥೆ ಅದನ್ನು ನಿಲ್ಲಿಸುತ್ತದೆ. ಶೇರ್ಡ್ ಹೋಸ್ಟಿಂಗ್ ಬಿಟ್ಟು ಬರಲಾಗದವರಿಗೂ ದಾರಿಯಿದೆ. ಎಸ್‌ಕ್ಯೂಲೈಟ್ ಎಂಬ ಚಿಕ್ಕ ಡೇಟಾಬೇಸಿನ ಎಫ್‌ಟಿಎಸ್5 ಎಂಬ ಹುಡುಕಾಟ, ಕ್ಸೇಪಿಯನ್ ಎಂಬ ತಂತ್ರಾಂಶ, ಇವು ಪ್ರತ್ಯೇಕ ಸರ್ವರ್ ಬೇಡದೆ ಕಡತದಿಂದಲೇ ಹುಡುಕುತ್ತವೆ. ತಾಣದ ಪುಟಗಳು ಆಗಾಗ ಬದಲಾಗದೆ ಇದ್ದಂತೆಯೇ ಇರುವುದಾದರೆ ಪೇಜ್‌ಫೈಂಡ್ ಇನ್ನೂ ಸುಲಭ: ಸೂಚಿಯನ್ನು ನಮ್ಮ ಮನೆಯ ಕಂಪ್ಯೂಟರಿನಲ್ಲೇ ಕಟ್ಟಿ, ಚಿಕ್ಕ ಚಿಕ್ಕ ಚೂರುಗಳಾಗಿ ತಾಣಕ್ಕೆ ಏರಿಸಿಟ್ಟರೆ, ಓದುಗರ ಬ್ರೌಸರ್ ತನಗೆ ಬೇಕಾದ ಚೂರನ್ನಷ್ಟೇ ತರಿಸಿಕೊಂಡು ಹುಡುಕುತ್ತದೆ. ಅದಕ್ಕೆ ಎಂಥ ಅಗ್ಗದ ಹೋಸ್ಟಿಂಗ್ ಆದರೂ ನಡೆಯುತ್ತದೆ. ಆದರೆ ಚೂರುಗಳ ಸಂಖ್ಯೆ ಸಾವಿರಾರು ಆಗಬಹುದಾದ್ದರಿಂದ, ಅನಿಯಮಿತ ಜಾಗ ಎಂದು ಘೋಷಿಸುವ ಕಂಪನಿಗಳು ಕಡತಗಳ ಸಂಖ್ಯೆಗೆ ಇಟ್ಟಿರುವ ಮಿತಿಯನ್ನು ಕರಾರಿನಲ್ಲಿ ಓದಿಕೊಳ್ಳಬೇಕು.

ಹುಡುಕಾಟವನ್ನು ಮಾತ್ರ ಬೇರೆ ಕಂಪನಿಗೆ ಒಪ್ಪಿಸುವ ಕ್ರಮವೂ ಉಂಟು. ಆಲ್ಗೋಲಿಯಾದಂಥ ಸೇವೆಗಳು ದಾಖಲೆಗಳ ಮತ್ತು ಹುಡುಕಾಟಗಳ ಸಂಖ್ಯೆಗೆ ತಕ್ಕಂತೆ ಡಾಲರಿನಲ್ಲಿ ದರ ಹಾಕುತ್ತವೆ. ಚಂದಾ ಹಣದಲ್ಲಿ ನಡೆಯುವ ಸಂಸ್ಥೆ ಅದನ್ನು ಆರಿಸುವ ಮುಂಚೆ ಎರಡು ಸಲ ಲೆಕ್ಕ ಹಾಕಲಿ.

ಇನ್ನು ಭಾಷೆಯ ವಿಚಾರ. ಎಂಜಿನ್ ಯಾವುದೇ ಇರಲಿ, ಅದನ್ನು ಕನ್ನಡಕ್ಕೆ ಒಗ್ಗಿಸಲು ಬಿಡುವ ಹೋಸ್ಟಿಂಗ್ ನಮಗೆ ಬೇಕು ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಪದಗಳು ವಿಭಕ್ತಿ ಹತ್ತಿಸಿಕೊಂಡು ಓಡಾಡುತ್ತವೆ. ಮನೆ ಎಂದು ಹುಡುಕಿದವನಿಗೆ ಮನೆಗೆ, ಮನೆಯಲ್ಲಿ, ಮನೆಯಿಂದ ಎಲ್ಲವೂ ಸಿಗಬೇಕು. ಪದದ ಆರಂಭವನ್ನು ಹೋಲಿಸುವ ಎಂಜಿನ್ ಇದನ್ನು ನಿಭಾಯಿಸುತ್ತದೆ. ಆದರೆ ಬೆಂಗಳೂರು ಎಂದು ಹುಡುಕಿದರೆ ಬೆಂಗಳೂರಿನಲ್ಲಿ ಸಿಗುವುದಿಲ್ಲ, ಏಕೆಂದರೆ ಕೊನೆಯ ಉಕಾರ ಅಲ್ಲಿ ಇಕಾರವಾಗಿದೆ. ಹಾಗೆಂದು ಪದದ ಯಾವ ಭಾಗವಾದರೂ ಸರಿ ಎಂದು ಬಿಟ್ಟರೆ, ಮರ ಹುಡುಕಿದವನಿಗೆ ಅಮರ, ಸಮರ, ಚಾಮರಗಳೆಲ್ಲ ಸಾಲುಗಟ್ಟಿ ಬರುತ್ತವೆ. ನಾವು ಕೊನೆಗೆ ಮಾಡಿದ್ದು ಇಷ್ಟು: ಪಠ್ಯವನ್ನು ಸೂಚಿಗೆ ಕೊಡುವ ಮುಂಚೆ ಸಾಮಾನ್ಯ ವಿಭಕ್ತಿ ಪ್ರತ್ಯಯಗಳನ್ನು ಕಳಚುವ ಒಂದು ಚಿಕ್ಕ ಪ್ರೋಗ್ರಾಂ ಬರೆಸಿ, ಮೂಲ ರೂಪ ಮತ್ತು ಕಳಚಿದ ರೂಪ ಎರಡನ್ನೂ ಸೂಚಿಗೆ ಸೇರಿಸಿದೆವು, ಓದುಗ ಬರೆದ ಪದವನ್ನೂ ಅದೇ ಪ್ರೋಗ್ರಾಂ ಮೂಲಕ ಹಾಯಿಸಿದೆವು. ಸೂಚಿ ದೊಡ್ಡದಾಯಿತು, ಹುಡುಕಾಟ ಸರಿಯಾಯಿತು.

ಅದೇ ಪ್ರೋಗ್ರಾಂಗೆ ಇನ್ನೆರಡು ಕೆಲಸ ವಹಿಸಿದೆವು. ಕೋಟೆ ಎಂಬ ಪದದ ಓಕಾರವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಊತ್ವ, ದೀರ್ಘ ಎಂಬ ಮೂರು ಚಿಹ್ನೆ ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಸೂಚಿಗೆ ಬೇರೆ ಬೇರೆ. ಎರಡನ್ನೂ ಒಂದೇ ರೂಪಕ್ಕೆ ತಾರದಿದ್ದರೆ ಒಂದು ಸಿಕ್ಕು ಇನ್ನೊಂದು ತಪ್ಪಿಹೋಗುತ್ತದೆ. ಹಾಗೆಯೇ ಸಾಫ್ಟ್‌ವೇರ್ ಎಂಬ ಪದದ ನಡುವೆ, ಒತ್ತಕ್ಷರವಾಗದಂತೆ ತಡೆಯುವ ಕಾಣದ ಸಂಕೇತವೊಂದು ಕೂತಿರುತ್ತದೆ. ಓದುಗ ಅದನ್ನು ಒತ್ತದೆ ಬರೆದರೂ ಪದ ಸಿಗಬೇಕಾದರೆ, ಸೂಚಿಯಲ್ಲಿ ಆ ಸಂಕೇತವನ್ನು ತೆಗೆದುಹಾಕಿರಬೇಕು. ಹಳೆಯ ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಉಳಿದಿರುವ ಪಠ್ಯವನ್ನಂತೂ ಮೊದಲು ಯೂನಿಕೋಡಿಗೆ ಪರಿವರ್ತಿಸಲೇಬೇಕು, ಏಕೆಂದರೆ ಯಂತ್ರದ ಕಣ್ಣಿಗೆ ಅದು ಕನ್ನಡವೇ ಅಲ್ಲ.

ಇಷ್ಟನ್ನೂ ಮಾಡುವ ಪ್ರೋಗ್ರಾಂ ರಾತ್ರಿ ಹೊತ್ತು ತಾನಾಗಿ ಓಡಬೇಕು. ಸೂಚಿ ಕಟ್ಟುವ ಆ ಅರ್ಧ ಗಂಟೆಯಲ್ಲೇ ಮೆಮೊರಿಯ ಬಳಕೆ ತುದಿ ಮುಟ್ಟುವುದು. ಹಗಲಿನ ಹುಡುಕಾಟಕ್ಕೆ ಸಾಕಾಗುವ ಯಂತ್ರ ರಾತ್ರಿ ಸೂಚಿ ಕಟ್ಟುವಾಗ ಉಸಿರುಗಟ್ಟಿ ನಿಂತದ್ದನ್ನು ನಾವು ಎರಡು ಸಲ ಕಂಡೆವು. ಬೆಳಿಗ್ಗೆ ಎದ್ದು ನೋಡಿದರೆ ಅರ್ಧ ಸಂಚಿಕೆಗಳು ಸೂಚಿಯಿಂದ ಮಾಯವಾಗಿದ್ದವು. ಆದ್ದರಿಂದ ಯಂತ್ರವನ್ನು ಆರಿಸುವಾಗ ಸೂಚಿ ಕಟ್ಟುವ ಹೊತ್ತಿನ ಬಳಕೆಯನ್ನು ಲೆಕ್ಕಕ್ಕೆ ಹಿಡಿಯಬೇಕು.

ಸರ್ವರ್ ಯಾವ ಊರಿನಲ್ಲಿದೆ ಎಂಬುದೂ ಮುಖ್ಯ. ಬೆಂಗಳೂರಿನಿಂದ ಅಮೆರಿಕದ ಪೂರ್ವ ಕರಾವಳಿಗೆ ಒಂದು ಸಂದೇಶ ಹೋಗಿ ಬರಲು ಸುಮಾರು 200 ಮಿಲಿಸೆಕೆಂಡ್ ಹಿಡಿಯುತ್ತದೆ. ಪುಟವೊಂದನ್ನು ತೆರೆಯುವಾಗ ಅದು ಗೊತ್ತಾಗದಿರಬಹುದು. ಆದರೆ ಅಕ್ಷರ ಒತ್ತಿದಂತೆಲ್ಲ ಫಲಿತಾಂಶ ತೋರಿಸುವ ಹುಡುಕಾಟದಲ್ಲಿ ಪ್ರತಿ ಒತ್ತಿಗೂ ಆ ಪ್ರಯಾಣ ನಡೆಯುತ್ತದೆ. ಓದುಗರು ಹೆಚ್ಚಾಗಿ ಕರ್ನಾಟಕದಲ್ಲೇ ಇದ್ದರೆ ಮುಂಬೈ ಅಥವಾ ಬೆಂಗಳೂರಿನ ಡೇಟಾ ಸೆಂಟರನ್ನೇ ಆರಿಸಿ.

ಭದ್ರತೆಯ ಬಗ್ಗೆ ಒಂದೇ ಮಾತು. ಎಲಾಸ್ಟಿಕ್‌ಸರ್ಚ್ 9200ನೆಯ ಪೋರ್ಟಿನಲ್ಲಿ, ಮೈಲಿಸರ್ಚ್ 7700ನೆಯ ಪೋರ್ಟಿನಲ್ಲಿ ಕಿವಿಗೊಟ್ಟು ಕೂತಿರುತ್ತದೆ. ಆ ಬಾಗಿಲನ್ನು ಗುಪ್ತಪದವಿಲ್ಲದೆ ಇಡೀ ಜಗತ್ತಿಗೆ ತೆರೆದಿಟ್ಟರೆ, ದಾರಿಹೋಕರು ಒಳಗೆ ಬಂದು ಸೂಚಿಯನ್ನು ಓದಲೂ ಅಳಿಸಲೂ ಸಾಧ್ಯ. ಹೊರಗಿನವರನ್ನು ತಡೆಯುವ ಫೈರ್‌ವಾಲ್ ಹಾಕಿಕೊಳ್ಳಲು ಅನುಕೂಲ ಕೊಡದ ಹೋಸ್ಟಿಂಗ್ ಇದ್ದರೆ ಅದನ್ನು ಅಲ್ಲಿಗೇ ಬಿಟ್ಟುಬಿಡಿ.

ಹಣದ ವಿಷಯದಲ್ಲಿ, ಮೊದಲ ವರ್ಷದ ದರವನ್ನು ನೋಡದೆ ನವೀಕರಣದ ದರವನ್ನು ನೋಡಿ. ಎರಡರ ನಡುವೆ ಅಂತರ ದೊಡ್ಡದಿರುತ್ತದೆ. ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂಬ ಆಸೆಗೆ ಬೀಳಬೇಡಿ. ಒಂದೇ ತಿಂಗಳಿಗೆ ಹಣ ಕಟ್ಟಿ, ಎಲ್ಲ ಬರಹಗಳನ್ನೂ ಏರಿಸಿ, ನಿಮ್ಮ ಓದುಗರು ನಿಜವಾಗಿ ಕೇಳುವ ಐವತ್ತು ಪದಗಳ ಪಟ್ಟಿ ಮಾಡಿ ಒಂದೊಂದಾಗಿ ಹುಡುಕಿ ನೋಡಿ. ಪಟ್ಟಿಯಲ್ಲಿ ಮರದಂಥ ಚಿಕ್ಕ ಪದಗಳಿರಲಿ, ಊರಿನ ಹೆಸರುಗಳಿರಲಿ, ವಿಭಕ್ತಿ ಹತ್ತಿದ ರೂಪಗಳಿರಲಿ, ಸಾಫ್ಟ್‌ವೇರ್‌ನಂಥ ಎರವಲು ಪದಗಳಿರಲಿ. ನಮ್ಮ ಪತ್ರಿಕೆಯ ತಾಣವನ್ನು ಹೊಸ ಯಂತ್ರಕ್ಕೆ ಸಾಗಿಸಿದಾಗ ಆ ಪಟ್ಟಿಯನ್ನು ತಯಾರಿಸಿ ಕೊಟ್ಟವರು ಅದೇ ಮೇಷ್ಟ್ರು. ತಾಣದಲ್ಲಿ ಯಾವ ಹುಡುಕಾಟ ಬರಿಗೈಯಲ್ಲಿ ಮರಳಿತು ಎಂಬುದನ್ನು ಯಂತ್ರ ಈಗ ಬರೆದಿಡುತ್ತದೆ. ಪ್ರತಿ ಸೋಮವಾರ ಆ ಸಾಲುಗಳನ್ನು ಅವರಿಗೆ ಕಳಿಸುತ್ತೇವೆ. ಯಾವ ಪದ ನಿಜಕ್ಕೂ ಪತ್ರಿಕೆಯಲ್ಲಿ ಇಲ್ಲ, ಯಾವುದು ಇದ್ದೂ ಸಿಗಲಿಲ್ಲ ಎಂದು ಗುರುತು ಹಾಕಿ ಅವರು ಬುಧವಾರದೊಳಗೆ ಹಿಂತಿರುಗಿಸುತ್ತಾರೆ.

ನಮಸ್ಕಾರ.