ಸಂಬಳ ಚೀಟಿಯಲ್ಲಿ ಇನ್ನೊಂದು 500

(ತೆರೆಯ ಮೇಲೆ: ಸಂಬಳ ಚೀಟಿ, ಪಿಎಫ್ ಸಾಲಿನ ಮೇಲೆ ಬೆರಳು)

ನಮಸ್ಕಾರ. ಈ ಚೀಟಿ ನೋಡಿ. ಮೂಲ ವೇತನ, ತುಟ್ಟಿಭತ್ಯೆ ಸೇರಿ 15,000 ರೂಪಾಯಿ. ಅದರಲ್ಲಿ ಶೇ 12, ಅಂದರೆ 1,800 ರೂಪಾಯಿ ಪಿಎಫ್‌ಗೆ ಮುರಿದುಕೊಂಡಿದ್ದಾರೆ. ಕಂಪನಿಯೂ ಅಷ್ಟೇ ಕಟ್ಟುತ್ತದೆ. ಹಾಗಾದರೆ ಖಾತೆಗೆ ತಿಂಗಳಿಗೆ 3,600 ಜಮೆಯಾಗಬೇಕಲ್ಲವೇ?

(ತೆರೆಯ ಮೇಲೆ: ಪಾಸ್‌ಬುಕ್. 1,800, 550, 1,250)

ಆಗುವುದಿಲ್ಲ. ಕಂಪನಿಯ ಪಾಲಿನಲ್ಲಿ 1,250 ರೂಪಾಯಿ ಪಿಂಚಣಿ ಯೋಜನೆಗೆ ಹೋಗುತ್ತದೆ. ನಿಮ್ಮ ಪಿಎಫ್‌ಗೆ ಸೇರುವುದು ಉಳಿದ 550 ಮಾತ್ರ. ಆ ಪಿಂಚಣಿಯಾದರೂ ಎಷ್ಟು ಬರುತ್ತದೆ? ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ಲೆಕ್ಕಕ್ಕೆ ಹಿಡಿಯುವ ಸಂಬಳದ ಈಗಿನ ಮಿತಿಯೇ 15,000. ಹೀಗಾಗಿ 30 ವರ್ಷ ದುಡಿದವರಿಗೂ ತಿಂಗಳಿಗೆ 7,000 ದಾಟುವುದಿಲ್ಲ. ಮನೆ ಬಾಡಿಗೆ, ಬಿಪಿ ಮಾತ್ರೆ, ಗ್ಯಾಸ್ ಸಿಲಿಂಡರ್ ಎಲ್ಲವೂ ಅದರಲ್ಲೇ ಆಗಬೇಕು. ನನ್ನ ನಿದ್ದೆಗೆಡಿಸುವ ಲೆಕ್ಕ ಇದು.

ಇದಕ್ಕೊಂದು ದಾರಿ ವಿಪಿಎಫ್. ಕಡ್ಡಾಯದ ಶೇ 12ರ ಮೇಲೆ ನೀವಾಗಿ ಇಷ್ಟಪಟ್ಟು ಕಟ್ಟುವ ಹಣ. ಖಾತೆ ಅದೇ, ಬಡ್ಡಿಯೂ ಅದೇ; 2024–25ಕ್ಕೆ ಶೇ 8.25 ಇತ್ತು. ಕಂಪನಿ ಮಾತ್ರ ಇದಕ್ಕೆ ಸಮನಾಗಿ ಕಟ್ಟಬೇಕಿಲ್ಲ.

ತಿಂಗಳಿಗೆ ಬರೀ 500 ರೂಪಾಯಿ ಕಟ್ಟಿ. ಇದೇ ಬಡ್ಡಿ ದರ ಉಳಿದರೆ 20 ವರ್ಷಕ್ಕೆ ಸುಮಾರು 2.9 ಲಕ್ಷ ಆಗುತ್ತದೆ. ನಿಮ್ಮ ಕೈಯಿಂದ ಹೋಗಿದ್ದು 1.2 ಲಕ್ಷ. 10 ವರ್ಷ ತಡ ಮಾಡಿ ಶುರು ಮಾಡಿದರೆ? ಸುಮಾರು 91 ಸಾವಿರ, ಅಷ್ಟೇ.

ಹಾಗೆಂದು ಇರುವುದನ್ನೆಲ್ಲ ಇದಕ್ಕೇ ಸುರಿಯಬೇಡಿ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದಿದ್ದು ನೆನಪಿದೆಯೇ? ಕಂಪನಿ ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮದ ವಿರುದ್ಧ. ಕೇಂದ್ರ ಸರ್ಕಾರ ಅದನ್ನು ಹಿಂಪಡೆಯಬೇಕಾಯಿತು. ಅವರ ಸಿಟ್ಟು ನ್ಯಾಯವಾದದ್ದು. ಮಗಳ ಫೀಸಿಗೂ ಆಸ್ಪತ್ರೆಗೂ ಬೇರೆ ಹಣವಿಲ್ಲದವರಿಗೆ ಪಿಎಫ್ ಒಂದೇ ಆಸರೆ. ಆದ್ದರಿಂದ ಮೀಟರ್ ಬಡ್ಡಿಯ ಸಾಲವಿದ್ದರೆ ಮೊದಲು ಅದನ್ನು ತೀರಿಸಿ. ಆಪತ್ತಿಗೆಂದು ಬ್ಯಾಂಕಿನಲ್ಲಿ ನಾಲ್ಕು ಕಾಸು ಬೇರೆ ಇಟ್ಟುಕೊಳ್ಳಿ.

ಆಮೇಲೆ, ಸಂಬಳ ಏರಿದ ತಿಂಗಳೇ ವಿಪಿಎಫ್ ಮುರಿದುಕೊಳ್ಳಿ ಎಂದು ನಿಮ್ಮ ಕಂಪನಿಯ ಕಚೇರಿಗೆ ಒಂದು ಅರ್ಜಿ ಕೊಡಿ. ಏರಿದ ಹಣ ಕೈಯಲ್ಲಿ ನಾಲ್ಕು ತಿಂಗಳು ಓಡಾಡಿದರೆ ಅದಕ್ಕೊಂದು ಖರ್ಚು ಹುಟ್ಟಿಕೊಂಡಿರುತ್ತದೆ. ಕೆಲವು ಕಂಪನಿಗಳು ಏಪ್ರಿಲ್‌ನಲ್ಲಿ ಮಾತ್ರ ಅವಕಾಶ ಕೊಡುತ್ತವೆ, ಮೊದಲೇ ಕೇಳಿಟ್ಟುಕೊಳ್ಳಿ.

(ತೆರೆಯ ಮೇಲೆ: ಪಾಸ್‌ಬುಕ್‌ನ ಹೊಸ ಸಾಲು)

ಅರ್ಜಿ ಕೊಟ್ಟು ಸುಮ್ಮನಾಗಬೇಡಿ. ಮುಂದಿನ ತಿಂಗಳು ಪಾಸ್‌ಬುಕ್ ತೆರೆಯಿರಿ. ನಿಮ್ಮ ಪಾಲಿನಲ್ಲಿ 1,800 ಇದ್ದ ಕಡೆ 2,300 ಕಾಣಿಸಬೇಕು.