ಸಯಾಮದ ಬಾಡಿಗೆ ಮನೆ

ಕೇಳುಗರೆಲ್ಲರಿಗೂ ನಮಸ್ಕಾರ.

ಟೋಕಿಯೋ ಪಕ್ಕದ ಸೈತಾಮ ಪ್ರಾಂತ್ಯದಲ್ಲಿ ಸಯಾಮ ಅಂತ ಒಂದು ಊರಿದೆ. ಎರಡನೇ ಮಹಾಯುದ್ಧದ ನಂತರ ಅಮೆರಿಕದ ವಾಯುಪಡೆ ಅಲ್ಲಿ ಬೀಡುಬಿಟ್ಟಿತ್ತು. ಸೈನಿಕರ ಸಂಸಾರಗಳಿಗಾಗಿ ಪುಟ್ಟ ಪುಟ್ಟ ಮನೆಗಳಿದ್ದವು. ಅಮೆರಿಕನ್ನರು ಹೋದರು, ಮನೆಗಳು ಉಳಿದವು. ಅವುಗಳಿಗೆ ಹಾಡುಗಾರರು, ಕಲಾವಿದರು ಬಂದು ಸೇರಿಕೊಂಡರು. ಹಾಗೆ ಬಂದವರಲ್ಲಿ ಒಬ್ಬರು ಸಂಗೀತಗಾರ ಹರುಓಮಿ ಹೊಸೊನೊ. 1973ರ ಆರಂಭದಲ್ಲಿ, 25ನೇ ವಯಸ್ಸಿನಲ್ಲಿ, ಅವರು ಧ್ವನಿಮುದ್ರಣದ ಯಂತ್ರಗಳನ್ನು ಆ ಮನೆಗೇ ತರಿಸಿದರು. ಗೆಳೆಯರು ವಾದ್ಯ ಹಿಡಿದು ಬಂದರು. ವಾಸದ ಕೋಣೆಯಲ್ಲೇ ಇಡೀ ಆಲ್ಬಂ ಮುಗಿಯಿತು. ಹೆಸರು 'ಹೊಸೊನೊ ಹೌಸ್'.

ಅಮೆರಿಕದ ಹಳ್ಳಿಗಾಡಿನ ಹಾಡು, ಅಂದರೆ ಕಂಟ್ರಿ ಮತ್ತು ಫೋಕ್, ಜಪಾನಿನಲ್ಲಿ ಹರಡಿದ್ದು ಸೈನ್ಯದ ಜೊತೆ. 1945ರಿಂದ 1952ರವರೆಗೆ ಅಮೆರಿಕನ್ನರ ಆಡಳಿತವಿತ್ತು. ಸೈನಿಕರಿಗಾಗಿ ಒಂದು ರೇಡಿಯೋ ಇತ್ತು, ಫಾರ್ ಈಸ್ಟ್ ನೆಟ್‌ವರ್ಕ್ ಅಂತ. ಪ್ರಸಾರ ಸೈನಿಕರಿಗೆ, ಆದರೆ ಗಾಳಿಗೆ ಬೇಲಿ ಹಾಕೋಕಾಗುತ್ತಾ? ಟೋಕಿಯೋದ ಮಕ್ಕಳೂ ಕೇಳಿದರು. 1947ರಲ್ಲಿ ಹುಟ್ಟಿದ ಹೊಸೊನೊ ಆ ರೇಡಿಯೋ ಕೇಳುತ್ತಲೇ ಬೆಳೆದವರು. ಸೋತ ದೇಶದ ಹುಡುಗ, ಗೆದ್ದ ದೇಶದ ಹಾಡು. ಆ ಹಾಡಿನ ಮೇಲೆ ಅವರಿಗೆ ಹುಟ್ಟಿದ್ದು ಪ್ರೀತಿ. ರೇಡಿಯೋದಲ್ಲಿ ಕೂತು ಮಾತಾಡುವ ನನಗೆ ಈ ಸಂಗತಿ ತುಂಬಾ ಹತ್ತಿರದ್ದು ಅನ್ನಿಸುತ್ತೆ.

'ಹೊಸೊನೊ ಹೌಸ್'ಗೆ ಮುಂಚೆ ಅವರು ಹ್ಯಾಪಿ ಎಂಡ್ ಅನ್ನುವ ತಂಡದಲ್ಲಿದ್ದರು. ಆಗ ಜಪಾನಿನಲ್ಲಿ ಒಂದು ದೊಡ್ಡ ಜಗಳವೇ ನಡೆದಿತ್ತು. ರಾಕ್ ಹಾಡನ್ನು ಜಪಾನೀ ಭಾಷೆಯಲ್ಲಿ ಹಾಡೋಕೆ ಆಗುತ್ತಾ, ಇಂಗ್ಲಿಷಿನಲ್ಲೇ ಹಾಡಬೇಕಾ ಅಂತ. ಹ್ಯಾಪಿ ಎಂಡ್‌ನವರು ತಮ್ಮ ಭಾಷೆಯಲ್ಲೇ ಹಾಡಿ ತೋರಿಸಿದರು. ಕನ್ನಡದಲ್ಲಿ ಹಾಡು ಕಟ್ಟುವ ಹುಡುಗ ಹುಡುಗಿಯರಿಗೆ ಈ ಕತೆ ಗೊತ್ತಿರಬೇಕು ಅಂತ ನನ್ನಾಸೆ.

ಇನ್ನೊಂದು ಕಡೆ ಆಂಬಿಯೆಂಟ್ ಅನ್ನುವ ಎಲೆಕ್ಟ್ರಾನಿಕ್ ಸಂಗೀತವಿದೆ. ಅದರಲ್ಲಿ ಎಷ್ಟೋ ಸಲ ತಾಳವೂ ಇರೋದಿಲ್ಲ. ಸ್ವರ ಹುಟ್ಟಿಸೋದು ಸಿಂಥಸೈಜರ್ ಅನ್ನುವ ವಿದ್ಯುತ್ ವಾದ್ಯ. ಸಿಂಥಸೈಜರ್‌ನ ಸ್ವರ ನಿಧಾನವಾಗಿ ಏರುತ್ತೆ, ನಿಧಾನವಾಗಿ ಕರಗುತ್ತೆ. ಅಗರಬತ್ತಿಯ ಹೊಗೆ ಕೋಣೆ ತುಂಬಿದ ಹಾಗೆ. ಕುದುರೆ, ಹೊಲ, ರೈಲು, ಮುರಿದ ಮನಸ್ಸು ಅಂತ ಹಾಡುವ ಕಂಟ್ರಿಗೂ ಇದಕ್ಕೂ ಏನು ಸಂಬಂಧ?

ಸಂಬಂಧ ಒಂದು ವಾದ್ಯದಲ್ಲಿದೆ. ಪೆಡಲ್ ಸ್ಟೀಲ್ ಗಿಟಾರ್. ಇದನ್ನು ಎದೆಗೆ ಒರಗಿಸಿ ನುಡಿಸೋದಿಲ್ಲ. ಮೇಜಿನ ಹಾಗೆ ಕಾಲುಗಳ ಮೇಲೆ ಮಲಗಿರುತ್ತೆ. ಸಾಮಾನ್ಯವಾಗಿ 10 ತಂತಿ. ಎಡಗೈಯಲ್ಲಿ ಉಕ್ಕಿನ ತುಂಡು ಹಿಡಿದು ತಂತಿಯ ಮೇಲೆ ಜಾರಿಸಬೇಕು. ನಮ್ಮ ಗೋಟುವಾದ್ಯ ನೋಡಿದವರಿಗೆ ಈ ಜಾರು ಗೊತ್ತು. ಜೊತೆಗೆ ಕೆಳಗೆ ಪೆಡಲ್‌ಗಳಿವೆ. ಒತ್ತಿದರೆ ತಂತಿ ಬಿಗಿಯಾಗಿ, ಒಂದು ಸ್ವರ ನಿಂತಲ್ಲೇ ಇನ್ನೊಂದಾಗುತ್ತೆ. ಬಲಗಾಲಿನ ಕೆಳಗೆ ಸದ್ದು ಏರಿಸಿ ಇಳಿಸುವ ಪೆಡಲ್. ನುಡಿಸುವವರು ಅದನ್ನು ಇಳಿಸಿಟ್ಟು ತಂತಿ ಮೀಟುತ್ತಾರೆ, ಆಮೇಲೆ ಮೆಲ್ಲಗೆ ಏರಿಸುತ್ತಾರೆ. ಮೀಟಿದ ಸದ್ದು ಕಿವಿಗೆ ಬೀಳೋದೇ ಇಲ್ಲ. ಸ್ವರ ಎಲ್ಲಿಂದಲೋ ತೇಲಿಬಂದ ಹಾಗೆ ಇರುತ್ತೆ. ಸಿಂಥಸೈಜರ್ ಮಾಡುವುದೂ ಇದನ್ನೇ ಅಲ್ವಾ? ಎರಡೂ ಒಂದೇ ತೊಟ್ಟಿಲಿನ ಮಕ್ಕಳು ಅನ್ನಿಸಿಬಿಡುತ್ತೆ.

ಇದನ್ನು ಇಂಗ್ಲೆಂಡಿನ ಸಂಗೀತಗಾರ ಬ್ರಯನ್ ಈನೊ ಕೂಡ ಕಂಡುಕೊಂಡಿದ್ದರು. ಅಮೆರಿಕನ್ನರು ಚಂದ್ರನಿಗೆ ಹೋದ ಅಪೊಲೊ ಯಾತ್ರೆಗಳ ಚಿತ್ರವೊಂದಕ್ಕೆ ಅವರು ಮಾಡಿದ 1983ರ ಆಲ್ಬಂನಲ್ಲಿ ಸ್ಟೀಲ್ ಗಿಟಾರ್ ಬರುತ್ತೆ. ಗಗನಯಾತ್ರಿಗಳು ಕಂಟ್ರಿ ಹಾಡಿನ ಕ್ಯಾಸೆಟ್ ಜೊತೆಗೆ ಒಯ್ದಿದ್ದು ಅದಕ್ಕೆ ಕಾರಣ.

ಹೊಸೊನೊ ಅವರ ದಾರಿ ಮಾತ್ರ ಬೇರೆ. ಅವರು ಎರಡೂ ಮನೆಗಳಲ್ಲಿ ಬಾಳಿದವರು. ಸಯಾಮದಲ್ಲಿ ಮಾಡಿದ ಆ ಆಲ್ಬಂನಲ್ಲೇ ಕೊಮಜಾವ ಹಿರೋಕಿ ಅವರ ಪೆಡಲ್ ಸ್ಟೀಲ್ ಇದೆ. ಐದು ವರ್ಷ ಕಳೆದ ಮೇಲೆ, 1978ರಲ್ಲಿ, ಅವರು ರ್ಯೂಇಚಿ ಸಕಮೋತೊ, ಯುಕಿಹಿರೊ ತಕಹಾಶಿ ಜೊತೆ ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾ ಕಟ್ಟಿದರು. ಬಹುಪಾಲು ಎಲೆಕ್ಟ್ರಾನಿಕ್. ಅದೇ ವರ್ಷ, ಚಿತ್ರಕಲಾವಿದ ತದನೋರಿ ಯೊಕೊ ಜೊತೆ ಭಾರತ ಸುತ್ತಿ ಹೋದ ನೆನಪಿನಲ್ಲಿ, 'ಕೊಚ್ಚಿನ್ ಮೂನ್' ಬಂತು. ಹೌದು, ನಮ್ಮ ಪಕ್ಕದ ಕೇರಳದ ಕೊಚ್ಚಿಯೇ. ಅದೂ ಸಿಂಥಸೈಜರ್ ಸಂಗೀತ. ಆಮೇಲೆ ಮುಜಿ ಅನ್ನುವ ಜಪಾನಿನ ಮನೆಸಾಮಾನಿನ ಅಂಗಡಿಯಲ್ಲಿ ಹಿನ್ನೆಲೆಗೆ ಹಾಕಲು ಸಂಗೀತ ಮಾಡಿಕೊಟ್ಟರು. ಅದು 1984ರಲ್ಲಿ ಕ್ಯಾಸೆಟ್ ಆಗಿ ಹೊರಬಂತು. ಕೆಲವೇ ಸ್ವರ, ಅವೇ ಮತ್ತೆ ಮತ್ತೆ. ಸಾಮಾನು ಕೊಳ್ಳೋಕೆ ಬಂದವರ ಕಿವಿಗೆ ಅಂತ ಮಾಡಿದ್ದು. ಇವತ್ತು ಜನ ಅದನ್ನು ಹುಡುಕಿಕೊಂಡು ಹೋಗಿ ಕೇಳುತ್ತಾರೆ.

ಅಷ್ಟರಲ್ಲಿ ಅವರು ನಾನ್ ಸ್ಟ್ಯಾಂಡರ್ಡ್ ಅಂತ ಒಂದು ಸಂಗೀತ ಸಂಸ್ಥೆಯನ್ನೂ ಶುರು ಮಾಡಿದ್ದರು. ಅಲ್ಲಿಂದ 1985ರಲ್ಲಿ ಹೊರಬಂದ ತಂಡ ಸೋಇಚಿರೊ ಸುಜುಕಿ ಅವರ ವರ್ಲ್ಡ್ ಸ್ಟ್ಯಾಂಡರ್ಡ್. 1990ರ ದಶಕದ ಕೊನೆಯಲ್ಲಿ ಸುಜುಕಿ ಹಳೆಯ ಅಮೆರಿಕದ ಹಳ್ಳಿ ಸಂಗೀತದ ಕಡೆ ತಿರುಗಿದರು. ಕಂಟ್ರಿಯ ತಂತಿವಾದ್ಯಗಳು ಅಲ್ಲಿವೆ, ಆದರೆ ಯಾವುದಕ್ಕೂ ಅವಸರವಿಲ್ಲ. ಹಿಂದೆ ಎಲೆಕ್ಟ್ರಾನಿಕ್ ಸ್ವರ ಮಂಜಿನ ಹಾಗೆ ಕೂತಿರುತ್ತೆ. ನಾನು ಇದನ್ನು ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಸಣ್ಣಗೆ ಹಾಕಿಕೊಂಡು ಕೇಳುತ್ತೇನೆ. ಅಲ್ಲಿರುವ ಹಳ್ಳಿ ಭೂಪಟದಲ್ಲಿ ಸಿಗೋದಿಲ್ಲ. ದೂರದಿಂದ ರೇಡಿಯೋ ಕೇಳಿ, ಕಣ್ಣುಮುಚ್ಚಿ ಕಟ್ಟಿಕೊಂಡ ಹಳ್ಳಿ ಅದು. ಅದಕ್ಕೇ ಅಷ್ಟು ತಂಪು. ಇದು ಸುಮ್ನೆ ನಕಲು ಅನ್ನುವವರ ಮಾತನ್ನು ನಾನು ಒಪ್ಪೋದಿಲ್ಲ. ನಕಲು ಮಾಡುವವರು ಮೂಲದ ಹಾಗೇ ಕೇಳಿಸಬೇಕು ಅಂತ ಹೆಣಗುತ್ತಾರೆ. ಇವರು ತಮಗೂ ಆ ಮೂಲಕ್ಕೂ ನಡುವೆ ಇರುವ ದೂರವನ್ನೇ ನುಡಿಸಿದರು.

ಹೊಸೊನೊ 2007ರಲ್ಲಿ 'ಫ್ಲೈಯಿಂಗ್ ಸಾಸರ್ 1947' ಅನ್ನುವ ಕಂಟ್ರಿ ಆಲ್ಬಂ ತಂದರು. ಹಾರುವ ತಟ್ಟೆಗಳ ಸುದ್ದಿ ಅಮೆರಿಕದಲ್ಲಿ ಎದ್ದದ್ದೂ 1947ರಲ್ಲೇ, ಅವರು ಹುಟ್ಟಿದ್ದೂ ಅದೇ ವರ್ಷ. 80ರ ದಶಕದಲ್ಲಿ ಸಿಂಥಸೈಜರ್‌ನಲ್ಲಿ ಮಾಡಿದ್ದ ತಮ್ಮದೇ ಕೆಲವು ಹಾಡುಗಳನ್ನು ಅದರಲ್ಲಿ ಕಂಟ್ರಿ ಧಾಟಿಗೆ ಇಳಿಸಿದ್ದಾರೆ.

2019ರಲ್ಲಿ ಇದರ ತಿರುಗುಮುರುಗು ನಡೆಯಿತು. 71ನೇ ವಯಸ್ಸಿನಲ್ಲಿ, ಸಯಾಮದ ಮನೆಯ ಆ ಹಾಡುಗಳನ್ನೇ ಅವರು ಮತ್ತೆ ಮಾಡಿದರು. ಈ ಸಲ ಗೆಳೆಯರ ತಂಡವಿಲ್ಲ. ಬಹುತೇಕ ಎಲ್ಲವನ್ನೂ ಒಬ್ಬರೇ, ಎಲೆಕ್ಟ್ರಾನಿಕ್ ಸದ್ದುಗಳನ್ನು ಸೇರಿಸಿ ಕಟ್ಟಿದರು. ಹೆಸರು 'ಹೊಚೊನೊ ಹೌಸ್'. ಹಾಡುಗಳ ಸಾಲನ್ನೂ ತಿರುಗಿಸಿಬಿಟ್ಟರು. 1973ರಲ್ಲಿ ಕೊನೆಗೆ ಇದ್ದದ್ದು ಇಲ್ಲಿ ಮೊದಲು ಬರುತ್ತೆ.

ಬಿಡುವಾದಾಗ ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಹಳೆಯದರ ಕೊನೆಯ ಹಾಡು ಮುಗಿದದ್ದೇ ಹೊಸದನ್ನು ಶುರು ಮಾಡಿ. ನಡುವೆ 46 ವರ್ಷವಿದೆ. ಹೋದ ಬಾಗಿಲಲ್ಲೇ ವಾಪಸ್ ಮನೆಯೊಳಕ್ಕೆ ಬಂದ ಹಾಗಿರುತ್ತೆ.

ನಮಸ್ಕಾರ.