ಒಮ್ಮೆಯೂ ಫೇಲ್ ಆಗದ ಟೆಸ್ಟ್

ಕೇಳುಗರಿಗೆ ನಮಸ್ಕಾರ.

ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ. ಬೇರೆಯವರು ಬರೆದ ಪ್ರೋಗ್ರಾಂ ಎಲ್ಲಿ ಕೈಕೊಡುತ್ತದೆ ಅಂತ ಹುಡುಕುವುದು. ಅನುಮಾನ ಪಡುವುದಕ್ಕೇ ನಮಗೆ ಸಂಬಳ. ಆದರೆ ಒಂದು ತಮಾಷೆ ಇದೆ. ಮಂದಿಯ ಕೋಡನ್ನೆಲ್ಲ ಅನುಮಾನಿಸುವ ನಾವು, ನಮ್ಮದೇ ಪದ್ಧತಿಗಳನ್ನು ಮಾತ್ರ ಕಣ್ಣು ಮುಚ್ಚಿ ನಂಬುತ್ತೇವೆ.

ಕೆಲವು ವರ್ಷಗಳ ಹಿಂದೆ ನಾನು ಒಂದು ಹೊಸ ತಂಡ ಸೇರಿದೆ. ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು ಟೆಸ್ಟ್‌ಗಳು ರಾತ್ರಿ ತಾವಾಗಿಯೇ ಓಡುತ್ತಿದ್ದವು. ಬೆಳಿಗ್ಗೆ ಬಂದು ನೋಡಿದರೆ ಪರದೆ ತುಂಬ ಹಸಿರು. ಎಲ್ಲವೂ ಪಾಸ್. ಒಂದು ಟೆಸ್ಟ್ ಹೀಗಿತ್ತು: ಐದು ಸಲ ತಪ್ಪು ಪಾಸ್‌ವರ್ಡ್ ಕೊಟ್ಟರೆ ಖಾತೆ ಲಾಕ್ ಆಗಬೇಕು. ಯಾವುದೋ ಕಾರಣಕ್ಕೆ ಅದನ್ನು ತೆರೆದು ಓದಿದೆ. ಐದು ಸಲ ತಪ್ಪು ಪಾಸ್‌ವರ್ಡ್ ಕೊಡುವ ಸಾಲುಗಳೇನೋ ಇದ್ದವು. ಲಾಕ್ ಆಯಿತೇ ಅಂತ ನೋಡುವ ಕೊನೆಯ ಸಾಲನ್ನು ಯಾರೋ ಕಾಮೆಂಟ್ ಮಾಡಿ, ಅಂದರೆ ಕಂಪ್ಯೂಟರ್ ಓದದ ಬರೀ ಟಿಪ್ಪಣಿಯಾಗಿಸಿ, ಮುಚ್ಚಿಟ್ಟಿದ್ದರು. ಪಕ್ಕದಲ್ಲಿ 'ತಾತ್ಕಾಲಿಕ' ಅಂತ ಟಿಪ್ಪಣಿ. ಆ ತಾತ್ಕಾಲಿಕಕ್ಕೆ ಮೂರು ವರ್ಷ ತುಂಬಿತ್ತು. ಅಷ್ಟೂ ದಿನ ಆ ಟೆಸ್ಟ್ ಏನನ್ನೂ ನೋಡದೆ ಪಾಸ್ ಆಗುತ್ತಿತ್ತು.

ಮುಂದೇನಾಯಿತು ಅಂತ ಆಮೇಲೆ ಹೇಳುತ್ತೇನೆ. ಅದಕ್ಕೂ ಮೊದಲು ಒಂದು ರಾಕೆಟ್ ಕಥೆ.

1996ರ ಜೂನ್ 4. ಫ್ರೆಂಚ್ ಗಯಾನಾದ ಕೂರೂ ಉಡಾವಣಾ ಕೇಂದ್ರ. ಯುರೋಪಿನ ಏರಿಯಾನ್ 5 ರಾಕೆಟ್‌ಗೆ ಅದು ಮೊದಲ ಹಾರಾಟ. ಮೇಲೆದ್ದು 40 ಸೆಕೆಂಡ್ ಆಗುವಷ್ಟರಲ್ಲಿ ಅದು ದಾರಿ ತಪ್ಪಿ ಆಕಾಶದಲ್ಲೇ ಚೂರುಚೂರಾಯಿತು. ಒಳಗಿದ್ದ ನಾಲ್ಕು ಉಪಗ್ರಹಗಳೂ ಹೋದವು. ಕಾರಣ, ರಾಕೆಟ್‌ನ ದಿಕ್ಕು, ವೇಗ ಅಳೆಯುವ ಘಟಕದೊಳಗಿನ ಒಂದು ಸಂಖ್ಯೆ. 64 ಬಿಟ್‌ನ ಜಾಗದಲ್ಲಿದ್ದ ಸಂಖ್ಯೆಯನ್ನು 16 ಬಿಟ್‌ನ ಜಾಗಕ್ಕೆ ತುಂಬಲು ಹೋಗಿದ್ದರು. ಆ ಚಿಕ್ಕ ಜಾಗದಲ್ಲಿ 32,767ಕ್ಕಿಂತ ದೊಡ್ಡದು ಹಿಡಿಯುವುದಿಲ್ಲ. ಪಾವಿನೊಳಗೆ ಸೇರು ಸುರಿದ ಹಾಗಾಯಿತು.

ಇಷ್ಟನ್ನು ಕಂಪ್ಯೂಟರ್ ಓದಿದವರು ಬಹಳ ಜನ ಕೇಳಿರುತ್ತಾರೆ. ನನಗೆ ಕುತೂಹಲ ಇರುವುದು ಅದರ ಹಿಂದಿನ ಕಥೆಯಲ್ಲಿ. ಆ ಸಂಖ್ಯೆಯ ಲೆಕ್ಕ ಮಾಡುತ್ತಿದ್ದ ಕೋಡಿನ ಭಾಗ, ರಾಕೆಟ್ ನೆಲ ಬಿಟ್ಟ ಮೇಲೆ ಯಾವ ಉಪಯೋಗಕ್ಕೂ ಬರುವಂಥದ್ದಲ್ಲ. ಹಳೆಯ ಏರಿಯಾನ್ 4ರಲ್ಲಿ ಅದನ್ನು ಹಾರಾಟದ ಮೊದಲ 40 ಸೆಕೆಂಡ್ ಓಡಿಸುತ್ತಿದ್ದರು. ಉಡಾವಣೆಯ ಇಳಿ ಎಣಿಕೆ ಕೊನೆಯ ಗಳಿಗೆಯಲ್ಲಿ ನಿಂತರೆ, ಎಲ್ಲವನ್ನೂ ಮೊದಲಿನಿಂದ ಹೊಂದಿಸದೆ ಬೇಗ ಮತ್ತೆ ಶುರು ಮಾಡಬಹುದು ಅನ್ನುವ ಕಾರಣಕ್ಕೆ. ಆಗ ಅದು ಒಳ್ಳೆಯ ಕಾರಣವೇ. ಏರಿಯಾನ್ 5ಕ್ಕೆ ಆ ಅಗತ್ಯ ಇರಲಿಲ್ಲ. ಆದರೂ ಕೋಡ್ ಹಾಗೇ ಬಂತು. ಚೆನ್ನಾಗಿ ನಡೆಯುತ್ತಿರುವುದನ್ನು ಸುಮ್ನೆ ಯಾಕೆ ಮುಟ್ಟಬೇಕು, ಅಲ್ವಾ?

ಹೊಸ ರಾಕೆಟ್ ಶುರುವಿನಲ್ಲೇ ಅಡ್ಡದಿಕ್ಕಿಗೆ ಹೆಚ್ಚು ವೇಗ ಪಡೆಯುತ್ತಿತ್ತು. ಸಂಖ್ಯೆ ಉಕ್ಕಿತು. ಇಂಥ ಅಪಾಯಕ್ಕೆಂದೇ ಒಂದು ಬದಲಿ ಘಟಕ ಇತ್ತು ನೋಡಿ, ಅದರಲ್ಲೂ ಇದೇ ಸಾಫ್ಟ್‌ವೇರ್. ಅದು ಮುಖ್ಯ ಘಟಕಕ್ಕಿಂತ ಒಂದು ಕ್ಷಣ ಮೊದಲೇ ಸತ್ತಿತ್ತು. ಎರಡಿದ್ದರೆ ಜಾಸ್ತಿ ಭದ್ರ ಅನ್ನುವುದು ಒಂದು ಭಾಗ ಹಾಳಾದಾಗ ನಿಜ. ತಪ್ಪು ಸಾಫ್ಟ್‌ವೇರ್‌ನಲ್ಲೇ ಇದ್ದರೆ ಎರಡೂ ಒಟ್ಟಿಗೇ ಬೀಳುತ್ತವೆ.

ಇನ್ನು ಟೆಸ್ಟಿಂಗ್ ವಿಷಯ. ಇಡೀ ವ್ಯವಸ್ಥೆಯನ್ನು ಜೋಡಿಸಿ ಪರೀಕ್ಷೆ ಮಾಡುವಾಗ ಈ ಘಟಕವನ್ನು ಹೊರಗಿಟ್ಟು, ಅದರ ಬದಲು ಅನುಕರಣೆಯ ಪ್ರೋಗ್ರಾಂ ಇಟ್ಟಿದ್ದರು. ಘಟಕ ಈಗಾಗಲೇ ಪಾಸಾಗಿದೆಯಲ್ಲ ಅನ್ನುವುದು ಕೊಟ್ಟ ಕಾರಣಗಳಲ್ಲಿ ಒಂದು. ಏರಿಯಾನ್ 5ರ ನಿಜವಾದ ಹಾರಾಟದ ಲೆಕ್ಕಗಳನ್ನು ಕೊಟ್ಟು ಆ ಘಟಕವನ್ನು ಯಾರೂ ಓಡಿಸಿರಲಿಲ್ಲ. ಅಪಘಾತದ ನಂತರ ನೆಲದ ಮೇಲೆ ಓಡಿಸಿ ನೋಡಿದಾಗ ಅದೇ ತಪ್ಪು ಮತ್ತೆ ಕಾಣಿಸಿತು.

ಅಪ್ಪ ನೆಟ್ಟ ಆಲದ ಮರ ಅಂತ ನೇಣು ಹಾಕಿಕೊಳ್ಳುವುದು ಅಂದರೆ ಇದೇ. ಮರದ ತಪ್ಪೇನಿಲ್ಲ ಪಾಪ.

ನಮ್ಮ ಕೆಲಸದಲ್ಲಿ ಇಂಥ ಆಲದ ಮರಗಳು ಬೇಕಾದಷ್ಟು. ಕವರೇಜ್ ಅನ್ನುವುದು ಒಂದು. ಟೆಸ್ಟ್ ಓಡಿದಾಗ ಕೋಡಿನ ಎಷ್ಟು ಸಾಲುಗಳು ಓಡಿದವು ಅನ್ನುವ ಶೇಕಡಾ ಲೆಕ್ಕ. ಶೇಕಡಾ 100 ಬಂದರೆ ಮ್ಯಾನೇಜರ್ ಮುಖ ಅರಳುತ್ತದೆ. ಈಗ ಒಂದು ನಿಯಮ ತೆಗೆದುಕೊಳ್ಳಿ: 18 ವರ್ಷ ತುಂಬಿದವರನ್ನು ಒಳಗೆ ಬಿಡಬೇಕು. ಬರೆಯುವವರು ಕೈತಪ್ಪಿ '18ಕ್ಕಿಂತ ಹೆಚ್ಚು' ಅಂತ ಬರೆದರು. ನಾನು 10 ಮತ್ತು 30 ಕೊಟ್ಟು ನೋಡಿದೆ. ಎರಡೂ ಸರಿ. ಎಲ್ಲ ಸಾಲುಗಳೂ ಓಡಿದವು, ಕವರೇಜ್ ಶೇಕಡಾ 100. ಸರಿಯಾಗಿ 18 ಆದವರು ಮಾತ್ರ ಬಾಗಿಲಾಚೆ ನಿಂತಿದ್ದಾರೆ. ಯಾವ ಸಾಲನ್ನು ಮುಟ್ಟಿಲ್ಲ ಅಂತ ತಿಳಿಯಲು ಕವರೇಜ್ ಒಳ್ಳೆಯದು. ಮುಟ್ಟಿದ್ದು ಸರಿ ಇದೆಯೇ ಅಂತ ಅದು ಹೇಳುವುದಿಲ್ಲ.

ಹಂತ ಹಂತವಾಗಿ ಬರೆದಿಟ್ಟ ಟೆಸ್ಟ್ ಕೇಸ್‌ಗಳದ್ದು ಇನ್ನೊಂದು ಥರ. ಇದನ್ನು ಒತ್ತು, ಇದು ಕಾಣಬೇಕು. ಕಂಡಿತು, ಪಾಸ್. ಆದರೆ ಕಣ್ಣು ಹುಡುಕುತ್ತಿರುವುದನ್ನಷ್ಟೇ ನೋಡುತ್ತದೆ. 2013ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. 24 ಮಂದಿ ರೇಡಿಯಾಲಜಿಸ್ಟ್‌ಗಳಿಗೆ ಶ್ವಾಸಕೋಶದ ಸ್ಕ್ಯಾನ್ ಕೊಟ್ಟು ಗಂಟು ಹುಡುಕಲು ಹೇಳಿದರು. ಒಂದು ಚಿತ್ರದಲ್ಲಿ ಗೊರಿಲ್ಲಾ ಇಟ್ಟಿದ್ದರು, ಸಾಮಾನ್ಯ ಗಂಟಿನ 48 ಪಟ್ಟು ದೊಡ್ಡದು. 20 ಮಂದಿಗೆ ಅದು ಕಾಣಲೇ ಇಲ್ಲ. ಕಣ್ಣು ಪಳಗಿದವರ ಪಾಡೇ ಇದು. ಪಟ್ಟಿ ಹಿಡಿದು ಮುನ್ನೂರನೇ ಸಲ ಅದೇ ಬಟನ್ ಒತ್ತುವ ನನ್ನಂಥವನು ಏನು ಕಂಡಾನು? ಪಟ್ಟಿ ಬೇಡ ಅನ್ನುತ್ತಿಲ್ಲ. ಕಾನೂನಿನ ಲೆಕ್ಕ ತೋರಿಸಬೇಕಾದ ಕಡೆ ಅದು ಬೇಕೇ ಬೇಕು. ಉಳಿದ ಕಡೆ ದಿನದ ಒಂದು ಗಂಟೆ ಪಟ್ಟಿ ಬದಿಗಿಟ್ಟು ಸುಮ್ಮನೆ ಅಲೆದಾಡಿದರೆ, ನನ್ನ ಅನುಭವದಲ್ಲಿ, ಒಳ್ಳೆಯ ಬಗ್‌ಗಳು ಆಗಲೇ ಸಿಕ್ಕಿವೆ.

'ತಪ್ಪನ್ನು ತಡವಾಗಿ ಹಿಡಿದರೆ ನೂರು ಪಟ್ಟು ಖರ್ಚು' ಅನ್ನುವ ಮಾತೂ ಪ್ರತಿ ಟ್ರೈನಿಂಗ್‌ನಲ್ಲಿ ಬರುತ್ತದೆ. ಅದನ್ನು ಜನಪ್ರಿಯಗೊಳಿಸಿದ ಸಾಫ್ಟ್‌ವೇರ್ ಸಂಶೋಧಕ ಬ್ಯಾರಿ ಬೋಮ್ ಅವರೇ 2001ರಲ್ಲಿ ವಿಕ್ಟರ್ ಬೆಸಿಲಿ ಜೊತೆ ಬರೆದಿದ್ದಾರೆ, ಸಣ್ಣ ಕೆಲಸಗಳಲ್ಲಿ ಅದು ಐದು ಪಟ್ಟಿನ ಹತ್ತಿರ ಅಂತ. ಆ ಸ್ಲೈಡ್ ನಾನು ಎಲ್ಲೂ ಕಂಡಿಲ್ಲ.

ಈಗ ನಮ್ಮ ಪಾಸ್‌ವರ್ಡ್ ಟೆಸ್ಟ್‌ಗೆ ಬರೋಣ. ಮುಚ್ಚಿದ ಸಾಲನ್ನು ತೆರೆದೆ. ಟೆಸ್ಟ್ ಕೆಂಪಾಯಿತು. ಖಾತೆ ಲಾಕ್ ಆಗುತ್ತಲೇ ಇರಲಿಲ್ಲ. ತಂಡದ ಮೊದಲ ಪ್ರಶ್ನೆ ಏನು ಗೊತ್ತಾ? 'ಚೆನ್ನಾಗಿ ಓಡುತ್ತಿದ್ದ ಟೆಸ್ಟನ್ನು ಯಾಕೆ ಕೆಡಿಸಿದಿರಿ?'

ಆಮೇಲೆ ಒಂದು ಹಳೆಯ ಉಪಾಯ ಹಿಡಿದೆವು. ರಿಚರ್ಡ್ ಲಿಪ್ಟನ್ ಅನ್ನುವವರು ವಿದ್ಯಾರ್ಥಿಯಾಗಿದ್ದಾಗ, 1971ರಲ್ಲಿ, ಕೊಟ್ಟ ಯೋಚನೆ ಅದು. ಕೋಡಿನಲ್ಲಿ ಬೇಕಂತಲೇ ಒಂದು ಸಣ್ಣ ತಪ್ಪು ಸೇರಿಸಿ, ಟೆಸ್ಟ್ ಅದನ್ನು ಹಿಡಿಯುತ್ತದೆಯೇ ನೋಡುವುದು. ಇದನ್ನು ತಾನಾಗಿ ಮಾಡುವ ಟೂಲ್‌ಗಳೂ ಇವೆ. ನಾವು ಕೈಯಿಂದಲೇ ಶುರು ಮಾಡಿದೆವು. ವರ್ಷಗಟ್ಟಲೆ ಒಮ್ಮೆಯೂ ಫೇಲ್ ಆಗದ ಟೆಸ್ಟ್‌ಗಳ ಪಟ್ಟಿ ಮಾಡಿ, ಪ್ರತಿ ಶುಕ್ರವಾರ ಮಧ್ಯಾಹ್ನ ಎರಡು ಮೂರನ್ನು ಕೆಣಕುವುದು. ಮೊದಲ ಶುಕ್ರವಾರ ಮೂರು ಟೆಸ್ಟ್ ನೋಡಿದೆವು. ಕೋಡ್ ಕೆಡಿಸಿದ ಮೇಲೂ ಎರಡು ಹಸಿರಾಗಿಯೇ ಇದ್ದವು.

ನಮಸ್ಕಾರ.